ಬಳೆ ಕೊಟ್ಟು ಕೊಂಡ ಫಿರಂಗಿಗಳು



ಮಸೀದಿಯ ಕೆಲಸ ಅರ್ಧಕ್ಕೆ ನಿಂತಾಗ ಕೈಯ ಬಳೆ ಕಳಚಿ ಕೊಟ್ಟ ಅಜ್ಜಿಯೊಬ್ಬರ ಕಥೆ ನಮ್ಮ ಹೆಚ್ಚಿನ ಜಮಾಅತ್‌ಗಳಲ್ಲಿ ಇದೆ. ನಿಮ್ಮ ಊರಲ್ಲೂ ಇರಬಹುದು. ಹಾಗೆ ಕೊಟ್ಟವರಿಗೆ ಒಂದು ಸಮಾಧಾನವಿರುತ್ತದೆ. ತಾವು ಕೊಟ್ಟ ಚಿನ್ನ ಏನಾಯಿತೆಂದು ಅವರು ಕಣ್ಣಾರೆ ಕಾಣುತ್ತಾರೆ. ಗೋಡೆ ಏಳುತ್ತದೆ, ಬಾಂಗ್ ಕೇಳಿಸುತ್ತದೆ.

ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ತುರ್ಕಿಯ ಮಹಿಳೆಯರೂ ಹೀಗೆಯೇ ಚಿನ್ನ ಕೊಟ್ಟರು. ಮಸೀದಿಗಲ್ಲ, ಯುದ್ಧನೌಕೆಗೆ. ಅದು ಯಾವ ರೂಪ ಪಡೆಯಿತೆಂದು ನೋಡುವ ಭಾಗ್ಯ ಮಾತ್ರ ಅವರಿಗೆ ಸಿಗಲಿಲ್ಲ. ಈ ತಿಂಗಳು ಆ ನೌಕೆಯ ಮತ್ತು ಅದರ ಮೇಲಿದ್ದ ಭಾರೀ ಫಿರಂಗಿಗಳ ಬಗ್ಗೆ ಬರೆಯುತ್ತೇನೆ. "ಫಿರಂಗಿಯ ವಿಷಯ ನಮಗೇಕೆ?" ಎಂದು ಪುಟ ತಿರುವಬೇಡಿ. ಕುಕ್ಕರ್, ಹೊಲಿಗೆ ಯಂತ್ರ, ರೇಷ್ಮೆ ಸೀರೆ ಈ ಮೂರನ್ನು ಬಲ್ಲವರಿಗೆ ಇದು ಗಂಡಸರಿಗಿಂತ ಬೇಗ ಅರ್ಥವಾಗುತ್ತದೆ.

ಉಸ್ಮಾನೀ ಸಾಮ್ರಾಜ್ಯ ಕುಸಿಯುತ್ತಿದ್ದ ಕಾಲವದು. 1912-13ರ ಬಾಲ್ಕನ್ ಯುದ್ಧದಲ್ಲಿ ಗ್ರೀಸ್ ದೇಶದ ನೌಕಾಪಡೆ ತುರ್ಕಿಯ ನೌಕೆಗಳನ್ನು ಡಾರ್ಡನೆಲ್ಸ್ ಜಲಸಂಧಿಯೊಳಗೆ ಕೂಡಿಹಾಕಿತು. ದ್ವೀಪಗಳು ಕೈತಪ್ಪಿದವು. ಗ್ರೀಸಿನ ಈ ಬಲಕ್ಕೆ ಮುಖ್ಯ ಕಾರಣ 'ಅವೆರೋಫ್' ಎಂಬ ಒಂದು ನೌಕೆ. ಅದರ ಬೆಲೆಯ ಒಂದು ಪಾಲು ಬಂದದ್ದು ಅದೇ ಹೆಸರಿನ ಗ್ರೀಕ್ ಶ್ರೀಮಂತನ ಉಯಿಲಿನಿಂದ. ತುರ್ಕಿಯಲ್ಲಿ ಅಂತಹ ಶ್ರೀಮಂತ ಇರಲಿಲ್ಲ, ಜನಸಾಮಾನ್ಯರು ಇದ್ದರು. 1909ರಲ್ಲಿ ಸ್ಥಾಪನೆಯಾಗಿದ್ದ ನೌಕಾಪಡೆ ಸಹಾಯಕ ಸಂಘವು ಊರೂರಲ್ಲಿ ಚಂದಾ ಎತ್ತಿತು. ಮಹಿಳೆಯರು ಒಡವೆ ಕೊಟ್ಟರು. ಕೊಡಲು ಒಡವೆಯೂ ಇಲ್ಲದವರು ತಲೆಗೂದಲನ್ನು ಕತ್ತರಿಸಿ ಮಾರಿ ಹಣ ಕೊಟ್ಟರೆಂದು ಹೇಳಲಾಗುತ್ತದೆ. ನಮ್ಮ ದೇಶದ ಮುಸ್ಲಿಮರ ಮನಸ್ಸೂ ಆಗ ಅತ್ತಲೇ ಇತ್ತು. 1912ರಲ್ಲಿ ಮೌಲಾನಾ ಮುಹಮ್ಮದ್ ಅಲಿಯವರ 'ಕಾಮ್ರೇಡ್' ಪತ್ರಿಕೆಯ ಪ್ರಯತ್ನದಿಂದ ಹಣ ಕೂಡಿ, ಡಾ. ಎಂ.ಎ. ಅನ್ಸಾರಿಯವರ ನೇತೃತ್ವದಲ್ಲಿ ವೈದ್ಯರ ತಂಡವೊಂದು ಗಾಯಾಳುಗಳ ಸೇವೆಗೆ ತುರ್ಕಿಗೆ ಹೋಗಿತ್ತು.

ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಆರ್ಮ್‌ಸ್ಟ್ರಾಂಗ್ ಕಂಪೆನಿ ಬ್ರೆಝಿಲ್ ದೇಶಕ್ಕಾಗಿ ಒಂದು ನೌಕೆ ಕಟ್ಟುತ್ತಿತ್ತು. ಬ್ರೆಝಿಲ್‌ಗೆ ಅದು ಬೇಡವಾಯಿತು. 1913ರ ಡಿಸೆಂಬರ್ 28ರಂದು ತುರ್ಕಿ ಅದನ್ನು ಇಪ್ಪತ್ತೇಳೂವರೆ ಲಕ್ಷ ಪೌಂಡಿಗೆ ಕೊಂಡಿತು. ಚಂದಾ ಸಾಲದೆ ಸಾಲವನ್ನೂ ಮಾಡಬೇಕಾಯಿತು. 'ಸುಲ್ತಾನ್ ಉಸ್ಮಾನ್' ಎಂದು ಹೆಸರಿಟ್ಟರು. ಎರಡೆರಡರಂತೆ ಏಳು ಗೋಪುರಗಳಲ್ಲಿ ಒಟ್ಟು 14 ಭಾರೀ ಫಿರಂಗಿಗಳು. ಅಷ್ಟೊಂದು ಭಾರೀ ಫಿರಂಗಿಗಳಿದ್ದ ಯುದ್ಧನೌಕೆ ಬೇರೊಂದಿರಲಿಲ್ಲ. ವಾರಕ್ಕೆ ಏಳು ದಿನ, ಗೋಪುರವೂ ಏಳು. ಆದ್ದರಿಂದ ನಾವಿಕರು ಅವುಗಳನ್ನು ಭಾನುವಾರ, ಸೋಮವಾರ ಎಂದೇ ಕರೆಯುತ್ತಿದ್ದರು. ಆ ನಾವಿಕರು ಯಾರೆಂಬುದನ್ನು ಮುಂದೆ ಹೇಳುತ್ತೇನೆ.

ಈಗ ಒಂದು ಫಿರಂಗಿಯ ಹತ್ತಿರ ಹೋಗೋಣ. ಚಿತ್ರದಲ್ಲಿ ನಮಗೆ ಕಾಣುವುದು ಹೊರಚಾಚಿದ ಉದ್ದ ನಳಿಗೆ ಮಾತ್ರ. ಆದರೆ ಫಿರಂಗಿಯೆಂದರೆ ನಳಿಗೆಯಷ್ಟೇ ಅಲ್ಲ, ಅದೊಂದು ಬಹುಮಹಡಿ ಮನೆ. ಮೇಲ್ಮಹಡಿಯಷ್ಟೇ ಡೆಕ್ಕಿನ ಮೇಲೆ. ಉಳಿದ ಮಹಡಿಗಳು ಕೆಳಕೆಳಗೆ ಹೋಗಿ ಸಮುದ್ರದ ನೀರಿನ ಮಟ್ಟಕ್ಕಿಂತ ಕೆಳಗೆ ಮುಟ್ಟುತ್ತವೆ. ಅಲ್ಲಿ ಎರಡು ಕೋಣೆಗಳು. ಒಂದು ಗುಂಡುಗಳ ಉಗ್ರಾಣ, ಇನ್ನೊಂದು ಮದ್ದಿನ ಮನೆ. ಬೆಂಕಿ ತಗುಲಬಾರದ ವಸ್ತುವನ್ನು ಶತ್ರುವಿನ ಗುಂಡು ಮುಟ್ಟದ ಆಳದಲ್ಲಿ ಇಡಲಾಗುತ್ತಿತ್ತು. ನಡುವೆ ದಪ್ಪ ಉಕ್ಕಿನ ಬಾವಿಯಂತಹ ಗೋಡೆ, ಅದರೊಳಗೆ ಲಿಫ್ಟ್.

ಒಂದು ಗುಂಡಿನ ತೂಕ 386 ಕಿಲೋ. ನಿಮ್ಮ ಮನೆಗೆ ಬರುವ 50 ಕಿಲೋ ಅಕ್ಕಿಚೀಲಗಳು ಏಳೂವರೆಗಿಂತ ಹೆಚ್ಚು! ಅದನ್ನು ಕೈಯಲ್ಲಿ ಎತ್ತುವುದು ಆಗದ ಮಾತು. ಎತ್ತುವುದು ನೀರು. ಹಬೆಯಂತ್ರದ ಪಂಪು ನೀರನ್ನು ಕೊಳವೆಗಳಲ್ಲಿ ಭಾರೀ ಒತ್ತಡದಿಂದ ತಳ್ಳುತ್ತದೆ. ಆ ಒತ್ತಡವೇ ಲಿಫ್ಟನ್ನು ಮೇಲೆತ್ತುತ್ತದೆ, ನಳಿಗೆಯನ್ನು ಏರಿಸಿ ಇಳಿಸುತ್ತದೆ, ಇಡೀ ಗೋಪುರವನ್ನು ತಿರುಗಿಸುತ್ತದೆ. ಲಂಡನ್ನಿನ ಪ್ರಸಿದ್ಧ ಟವರ್ ಸೇತುವೆಯನ್ನು 1894ರಲ್ಲಿ ಮೇಲೆತ್ತತೊಡಗಿದ್ದೂ ಇದೇ ಕಂಪೆನಿಯ ಇದೇ ಬಗೆಯ ನೀರಿನ ಯಂತ್ರ. ಕುರ್‌ಆನಿನಲ್ಲಿ ಕಬ್ಬಿಣದ ಹೆಸರಿನ ಒಂದು ಅಧ್ಯಾಯವೇ ಇದೆ, ಅಲ್ ಹದೀದ್. ಕಬ್ಬಿಣದ ಬಲವನ್ನೂ ಪ್ರಯೋಜನವನ್ನೂ ಅಲ್ಲಿ ಜೊತೆಯಾಗಿ ಹೇಳಿರುವುದು ಇಂಥಲ್ಲಿ ನೆನಪಾಗುತ್ತದೆ.

ಲಿಫ್ಟ್ ಕೈಕೊಟ್ಟರೆ ಏನಾಗುತ್ತದೆ? ಅದಕ್ಕೂ ತುರ್ಕಿಯಲ್ಲೇ ಉತ್ತರವಿದೆ. 1915ರ ಮಾರ್ಚ್ 18ರಂದು ಡಾರ್ಡನೆಲ್ಸ್ ದಡದ ಕೋಟೆಯೊಂದರಲ್ಲಿ ಫಿರಂಗಿಯ ಎತ್ತುಯಂತ್ರ ಮುರಿದಾಗ, ಸೆಯ್ಯಿದ್ ಎಂಬ ಸಿಪಾಯಿ 200 ಕಿಲೋಗಿಂತ ಭಾರದ ಗುಂಡನ್ನು ಬೆನ್ನ ಮೇಲೆ ಹೊತ್ತು ಮೆಟ್ಟಿಲೇರಿದನೆಂದು ಪ್ರಸಿದ್ಧಿ. ಆಮೇಲೆ ಫೋಟೋ ತೆಗೆಯಲು ಹೋದಾಗ ಅವನಿಂದ ಎತ್ತಲಾಗಲಿಲ್ಲ. ಮರದ ಗುಂಡು ಮಾಡಿ ಹೊರಿಸಿ ಫೋಟೋ ತೆಗೆದರು. ನನಗೆ ಈ ಎರಡನೆಯ ಭಾಗವೇ ಹೆಚ್ಚು ಇಷ್ಟ.

ನೌಕೆಗೆ ಮರಳೋಣ. ಗುಂಡು ಮೇಲೆ ಬಂತು. ನಳಿಗೆಯ ಹಿಂಬದಿಯ ಬಾಗಿಲು ತೆರೆದಿದೆ. ಮಡಚಿದ್ದ ಉದ್ದನೆಯ ತಳ್ಳುಕೋಲೊಂದು ಬಿಚ್ಚಿಕೊಂಡು ಗುಂಡನ್ನು ಒಳಕ್ಕೆ ದೂಡುತ್ತದೆ. ನಳಿಗೆಯ ಒಳಗೋಡೆಯಲ್ಲಿ ಸುರುಳಿ ಗೆರೆಗಳಿವೆ. ಗುಂಡಿನ ಬುಡಕ್ಕೆ ತಾಮ್ರದ ಪಟ್ಟಿಯಿದೆ. ತಾಮ್ರ ಮೆತ್ತಗಿನ ಲೋಹವಾದ್ದರಿಂದ ಗೆರೆಗಳು ಅದನ್ನು ಕಚ್ಚಿ ಹಿಡಿಯುತ್ತವೆ. ಹೊರಡುವಾಗ ಗುಂಡು ಸುತ್ತುತ್ತಾ ಹೊರಡುತ್ತದೆ. ಸುತ್ತುವ ಬುಗುರಿ ಬೀಳದೆ ನಿಲ್ಲುವಂತೆ, ಸುತ್ತುವ ಗುಂಡು ತಲೆಕೆಳಗಾಗದೆ ಮೂತಿ ಮುಂದಾಗಿಯೇ ಹಾರುತ್ತದೆ.

ಅದರ ಹಿಂದೆ ಮದ್ದು. ಕಾರ್ಡೈಟ್ ಎಂಬ ಈ ಮದ್ದು ಪುಡಿಯಲ್ಲ, ಶಾವಿಗೆಯ ಹಾಗೆ ಎಳೆ ಎಳೆಯಾಗಿರುತ್ತದೆ. ಅದನ್ನು ಕಟ್ಟಿ ತುಂಬಿಸುವುದು ರೇಷ್ಮೆಯ ಚೀಲದಲ್ಲಿ. ಹೌದು, ರೇಷ್ಮೆ! ಸೀರೆ ಅಪ್ಪಟ ರೇಷ್ಮೆಯೇ ಎಂದು ತಿಳಿಯಲು ಒಂದು ಎಳೆ ಸುಟ್ಟು ನೋಡುವುದು ನಿಮಗೆ ಗೊತ್ತು. ಹತ್ತಿಯ ಎಳೆಯಾದರೆ ಜ್ವಾಲೆ ಆರಿದ ಮೇಲೂ ತುದಿಯಲ್ಲಿ ಕೆಂಡ ಉಳಿಯುತ್ತದೆ. ರೇಷ್ಮೆಯ ಬೆಂಕಿ ಆರಿಬಿಡುತ್ತದೆ, ಕೈಯಲ್ಲಿ ಹಿಸುಕಿದರೆ ಪುಡಿ. ನಳಿಗೆಯೊಳಗೆ ಕೆಂಡದ ಒಂದು ಚೂರು ಉಳಿದರೂ ಮುಂದಿನ ಚೀಲ ಒಳಗಿಡುವವರ ಮುಖಕ್ಕೇ ಸಿಡಿಯುತ್ತದೆ. ಆದ್ದರಿಂದಲೇ ರೇಷ್ಮೆ. ಅಷ್ಟು ಸಾಲದೆಂದು ಪ್ರತಿ ಬಾರಿ ಸಿಡಿಸಿದ ಮೇಲೂ ನಳಿಗೆಯೊಳಗೆ ಗಾಳಿಯನ್ನು ರಭಸವಾಗಿ ಊದಿ ಶುಚಿಗೊಳಿಸುತ್ತಿದ್ದರು.

ಇನ್ನು ಬಾಗಿಲು ಮುಚ್ಚಬೇಕು. ಡಬ್ಬಿಯ ತಿರುಪಿನ ಮುಚ್ಚಳವನ್ನು ಮುಚ್ಚಲು ನಾಲ್ಕೈದು ಸುತ್ತು ತಿರುಗಿಸಬೇಕು. ಯುದ್ಧದಲ್ಲಿ ಅಷ್ಟು ಸಮಯವೆಲ್ಲಿ? ತಿರುಪಿನ ಹಲ್ಲುಗಳನ್ನು ಅಲ್ಲಲ್ಲಿ ಕೆತ್ತಿ ತೆಗೆದು, ನೇರ ಒಳದೂಡಿ ಸ್ವಲ್ಪವೇ ತಿರುಗಿಸಿದರೆ ಕಚ್ಚಿಕೊಳ್ಳುವಂತೆ ಮಾಡಿದ್ದರು. ಬಾಗಿಲ ಸಂದಿನಿಂದ ಬೆಂಕಿಯ ಅನಿಲ ಹೊರನುಗ್ಗದಂತೆ ಕುಕ್ಕರಿಗಿರುವ ಹಾಗೆ ಒಂದು ಗ್ಯಾಸ್ಕೆಟ್. ಅದು ರಬ್ಬರಿನದ್ದಲ್ಲ, ಕಲ್ನಾರಿಗೆ ಕೊಬ್ಬು ಬೆರೆಸಿ ಮಾಡಿದ ಮೆತ್ತೆ. ಒಳಗಿನ ಒತ್ತಡ ಹೆಚ್ಚಿದಷ್ಟೂ ಅದು ಅಗಲವಾಗಿ ಸಂದನ್ನು ಇನ್ನಷ್ಟು ಬಿಗಿಯುತ್ತದೆ. ನಿಮ್ಮ ಕುಕ್ಕರಿನಲ್ಲಿ ಒತ್ತಡ ಹೆಚ್ಚಾದರೆ ಸೀಟಿ ಹೊಡೆದು ಹೊರಹೋಗುತ್ತದೆ. ಇಲ್ಲಿ ಹೊರಹೋಗಲು ಒಂದೇ ದಾರಿ, ಗುಂಡನ್ನು ದೂಡಿಕೊಂಡು ಹೋಗಬೇಕು. ನಳಿಗೆಯೇ ಸೀಳಿಹೋಗದಂತೆ, ಆ ಕಾಲದ ಇಂಗ್ಲಿಷ್ ಫಿರಂಗಿಗಳ ಒಳಕೊಳವೆಯ ಮೇಲೆ ಉಕ್ಕಿನ ತಂತಿಯನ್ನು ಮೈಲುಗಟ್ಟಲೆ ಬಿಗಿಯಾಗಿ ಸುತ್ತಿ, ಮೇಲೊಂದು ಹೊದಿಕೆ ಹಾಕುತ್ತಿದ್ದರು. ಬಾಬಿನ್‌ಗೆ ನೂಲು ಸುತ್ತಿದ ಹಾಗೆ.

ವಿದ್ಯುತ್ ಗುಂಡಿ ಒತ್ತಿದರೆ ಗುಂಡು ಸೆಕೆಂಡಿಗೆ 800 ಮೀಟರಿಗಿಂತ ಹೆಚ್ಚು ವೇಗದಲ್ಲಿ ಹೊರಡುತ್ತದೆ. ಸುಮಾರು 60 ಟನ್ ತೂಕದ ನಳಿಗೆ ಹಿಂದಕ್ಕೆ ನುಗ್ಗುತ್ತದೆ. ದ್ರವ ತುಂಬಿದ ಸಿಲಿಂಡರ್ ಅದನ್ನು ತಡೆದು ನಿಲ್ಲಿಸುತ್ತದೆ. ಹದಿನೆಂಟು ಕಿಲೋಮೀಟರ್ ದೂರದ ಗುರಿ ತಲುಪಲು ಗುಂಡಿಗೆ ಅರ್ಧ ನಿಮಿಷವಾದರೂ ಬೇಕು. ಅಷ್ಟರಲ್ಲಿ ಶತ್ರುನೌಕೆ ಮುನ್ನೂರು ಮೀಟರ್ ಮುಂದೆ ಹೋಗಿರುತ್ತದೆ. ಆದ್ದರಿಂದ ಗುರಿಯಿಡುವುದು ನೌಕೆ ಇರುವಲ್ಲಿಗಲ್ಲ, ಅದು ಇರಲಿರುವಲ್ಲಿಗೆ. ದೂರ ಅಳೆಯುವವರು, ಲೆಕ್ಕ ಹಾಕುವವರು, ಗುಂಡು ನೀರಿಗೆ ಬಿದ್ದಾಗ ಏಳುವ ಚಿಮ್ಮನ್ನು ನೋಡಿ ತಿದ್ದುವವರು ಬೇರೆ ಬೇರೆ ಜನ. ಗೋಪುರದೊಳಗೆ ಬೆವರು ಸುರಿಸುವವರಿಗೆ ಶತ್ರು ಕಾಣುವುದೂ ಅಪರೂಪ.

ಇಷ್ಟೆಲ್ಲ ಕಲಿತು ಈ ಫಿರಂಗಿಗಳನ್ನು ನಡೆಸಬೇಕಾಗಿದ್ದ ಸುಮಾರು 500 ತುರ್ಕಿ ನಾವಿಕರು 1914ರ ಜುಲೈ ಕೊನೆಯಲ್ಲಿ ನ್ಯೂಕ್ಯಾಸಲ್‌ಗೆ ಬಂದು, ತಮ್ಮ ಹಡಗಿನಲ್ಲಿ ಕಾಯುತ್ತಿದ್ದರು. ಅವರ ನಾಯಕ ರವೂಫ್ ಬೇ. ಯುದ್ಧದ ಮೋಡ ಕವಿದಿತ್ತು. ಬ್ರಿಟನ್ನಿನ ನೌಕಾ ಸಚಿವರಾಗಿದ್ದ ಚರ್ಚಿಲ್‌ರ ಆದೇಶದಂತೆ ಆಗಸ್ಟ್ ಮೊದಲ ದಿನಗಳಲ್ಲಿ ಬ್ರಿಟಿಷ್ ಸೈನಿಕರು ನೌಕೆಯನ್ನೇರಿ ವಶಪಡಿಸಿಕೊಂಡರು. ತುರ್ಕಿಗಾಗಿ ಕಟ್ಟಿದ 'ರಶಾದಿಯ' ಎಂಬ ಇನ್ನೊಂದು ನೌಕೆಯನ್ನೂ ಬಿಡಲಿಲ್ಲ. ಸುಲ್ತಾನ್ ಉಸ್ಮಾನ್ 'ಅಜಿನ್‌ಕೋರ್ಟ್' ಆಯಿತು. ಮೊದಲು ಮಾಡಿದ ಬದಲಾವಣೆಗಳಲ್ಲಿ ಒಂದು, ತುರ್ಕಿ ಶೈಲಿಯ ಶೌಚಾಲಯಗಳನ್ನು ಕಿತ್ತುಹಾಕಿದ್ದು!

ಇಂಗ್ಲಿಷರನ್ನು ಬೈದು ಇಲ್ಲಿಗೇ ಮುಗಿಸುವುದು ಸುಲಭ. ಆದರೆ ನ್ಯಾಯವಾಗಿ ಹೇಳಬೇಕೆಂದರೆ, ಅದೇ ಆಗಸ್ಟ್ 2ರಂದು ತುರ್ಕಿಯ ಕೆಲವು ಮಂತ್ರಿಗಳು ಜರ್ಮನಿಯೊಂದಿಗೆ ಗುಟ್ಟಾಗಿ ಒಪ್ಪಂದಕ್ಕೆ ಸಹಿ ಹಾಕಿದ್ದರು. ಬಳೆ ಕೊಟ್ಟವರಿಗೆ ಇದೂ ಗೊತ್ತಿರಲಿಲ್ಲ. ನೌಕೆ ಕಳೆದುಕೊಂಡ ಸಿಟ್ಟು ಬೀದಿಬೀದಿಯಲ್ಲಿ ಉರಿಯುತ್ತಿದ್ದಾಗ ಜರ್ಮನಿ ತನ್ನ ಎರಡು ನೌಕೆಗಳನ್ನು ಇಸ್ತಂಬೂಲಿಗೆ ಕಳುಹಿಸಿತು. ಅಕ್ಟೋಬರ್ 29ರಂದು ಅವು ರಷ್ಯಾದ ಬಂದರುಗಳ ಮೇಲೆ ಗುಂಡು ಹಾರಿಸಿದವು. ತುರ್ಕಿ ಯುದ್ಧಕ್ಕೆ ಸಿಕ್ಕಿಕೊಂಡಿತು.

ಗೋಪುರಗಳಿಗೆ ವಾರದ ಹೆಸರಿಟ್ಟು ಕರೆದವರು ಈ ಇಂಗ್ಲಿಷ್ ನಾವಿಕರು. 1916ರ ಮೇ 31ರಂದು ಡೆನ್ಮಾರ್ಕ್ ಸಮೀಪದ ಜಟ್‌ಲ್ಯಾಂಡ್ ಕದನದಲ್ಲಿ ಅಜಿನ್‌ಕೋರ್ಟ್ 144 ಭಾರೀ ಗುಂಡುಗಳನ್ನು ಹಾರಿಸಿತು. ಅದರ ಮೇಲೆ ಒಂದು ಗುಂಡೂ ಬೀಳಲಿಲ್ಲ. ಅದೇ ದಿನ ಬ್ರಿಟನ್ನಿನ ಮೂರು ದೊಡ್ಡ ನೌಕೆಗಳು ಸಿಡಿದುಹೋದವು. 'ಕ್ವೀನ್ ಮೇರಿ'ಯೊಂದರಲ್ಲೇ 1,266 ಮಂದಿ ಸತ್ತರು. ಕಾರಣ, ನಾನು ಮೊದಲೇ ಹೇಳಿದ ಬಹುಮಹಡಿ ಮನೆಯ ಬಾಗಿಲುಗಳು. ಬೇಗ ಬೇಗ ಗುಂಡು ಹಾರಿಸುವ ಆತುರದಲ್ಲಿ ಮದ್ದಿನ ಮನೆಯ ಬಾಗಿಲನ್ನು ತೆರೆದೇ ಇಟ್ಟು, ಚೀಲಗಳನ್ನು ಹೊರಗೆ ರಾಶಿ ಹಾಕುವ ರೂಢಿ ಬೆಳೆದಿತ್ತು. ಮೇಲೆ ಬಿದ್ದ ಗುಂಡಿನ ಜ್ವಾಲೆ ಲಿಫ್ಟಿನ ದಾರಿಯಲ್ಲೇ ಕೆಳಗಿಳಿಯಿತು. ರೇಷ್ಮೆಯ ಚೀಲಕ್ಕೆ ಆ ಬೆಂಕಿಯನ್ನು ತಡೆಯುವ ಶಕ್ತಿಯಿಲ್ಲ. ಜರ್ಮನರು ಮುಖ್ಯ ಮದ್ದನ್ನು ಹಿತ್ತಾಳೆಯ ಡಬ್ಬಿಯಲ್ಲಿ ಇಡುತ್ತಿದ್ದರು. ಗೋಪುರಗಳು ಸುಟ್ಟರೂ ಅವರ ನೌಕೆಗಳು ಹೀಗೆ ಸಿಡಿಯಲಿಲ್ಲ. 'ಲಯನ್' ಎಂಬ ಬ್ರಿಟಿಷ್ ನೌಕೆ ಉಳಿದದ್ದು ಮೇಜರ್ ಹಾರ್ವೆ ಎಂಬ ಅಧಿಕಾರಿಯಿಂದ. ಸಾಯುವಷ್ಟು ಗಾಯಗೊಂಡಿದ್ದರೂ ಆತ ಮದ್ದಿನ ಮನೆಯ ಬಾಗಿಲು ಮುಚ್ಚಿ ನೀರು ತುಂಬಿಸುವಂತೆ ಆಜ್ಞೆ ಕೊಟ್ಟ. ಆತ ಸತ್ತ, ನೌಕೆ ಉಳಿಯಿತು.

ಅಜಿನ್‌ಕೋರ್ಟನ್ನು 1922ರ ಡಿಸೆಂಬರಿನಲ್ಲಿ ಗುಜರಿಗೆ ಮಾರಲಾಯಿತು. ಮರುವರ್ಷ ಲೊಸಾನ್ ಒಪ್ಪಂದದಲ್ಲಿ ತುರ್ಕಿಯ ಹೊಸ ಸರಕಾರವು, 1914ರಲ್ಲಿ ಬ್ರಿಟನ್ ವಶಪಡಿಸಿಕೊಂಡ ಯುದ್ಧನೌಕೆಗಳಿಗಾಗಿ ಕೊಟ್ಟಿದ್ದ ಹಣವನ್ನು ಕೇಳುವುದಿಲ್ಲವೆಂದು ಬರೆದು ಕೊಟ್ಟಿತು. ಒಪ್ಪಂದದ 58ನೇ ಕಲಮಿನಲ್ಲಿ ಅದು ಇದೆ. ಬಳೆ, ಕೂದಲುಗಳ ಪ್ರಸ್ತಾಪ ಅಲ್ಲಿಲ್ಲ.