ಸಾಲದ ಅಳತೆಯೂ ಸ್ವಂತ ಅಳತೆಯೂ

ಚಂಪಾಷಷ್ಠಿಯ ಕಾಲದ ಮುಂಜಾನೆ ಸುಬ್ರಹ್ಮಣ್ಯದ ಕುಮಾರಧಾರೆಗೆ ಇಳಿದವಳು ಚಳಿಯೆಂದರೇನೆಂದು ಬಲ್ಲೆನೆನ್ನುವಳು. ಆದರೆ ಆ ಚಳಿ ಎಷ್ಟೆಂದು ಕೇಳಿದರೆ ಮೈಯ ನಡುಕವು ಉತ್ತರ ಹೇಳಲಾರದು. ಅದಕ್ಕೆ ಉಷ್ಣಮಾಪಕವೇ ಬೇಕು. ಆ ಉಷ್ಣಮಾಪಕವು ಸುಳ್ಳಾಡುವುದಿಲ್ಲವೆಂದು ನಮಗೆ ಹೇಳಿದವರಾರು? ನಮ್ಮ ಶಾಲೆಗಳ ವಿಜ್ಞಾನಬೋಧನೆಯಲ್ಲಿ ಈ ಪ್ರಶ್ನೆಗೆ ತಕ್ಕ ಸ್ಥಾನವಿಲ್ಲವೆಂಬುದು ನನ್ನ ಅಭಿಪ್ರಾಯವು.

ಊರ ಚಳಿಗೆ ಪಾದರಸವು ಸಾಕು. ಸೆಂಟಿಗ್ರೇಡ್ ಸೊನ್ನೆಗಿಂತ 39 ಡಿಗ್ರಿ ಕೆಳಗೆ ಪಾದರಸವೇ ಗಟ್ಟಿಯಾಗುವುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ತಯಾರಾಗುವ ದ್ರವ ಹೀಲಿಯಮಾದರೋ ಸೊನ್ನೆಗಿಂತ 269 ಡಿಗ್ರಿ ಕೆಳಗಿನದು. ಶೀತದ ಕಟ್ಟಕಡೆಯ ಎಲ್ಲೆಯು ಸೊನ್ನೆಯ ಕೆಳಗೆ 273.15 ಡಿಗ್ರಿ; ವಿಜ್ಞಾನಿಗಳು ಅದರ ತೀರ ಸಮೀಪಕ್ಕೂ ಹೋಗಿರುವರು. ಅಲ್ಲಿ ಬಳಸುವ ಮಾಪಕಗಳಲ್ಲಿ ಹೆಚ್ಚಿನವು ಬೇರೊಂದು ಮಾಪಕದೊಡನೆ ಹೋಲಿಸಿ ಗುರುತು ಹಾಕಿದವುಗಳು. ಅವುಗಳ ಸತ್ಯವು ಸಾಲ ತಂದದ್ದು.

ಫಿನ್ಲೆಂಡಿನ ಪೆಕೊಲಾ ಎಂಬವರೂ ಸಂಗಡಿಗರೂ 1994ರಲ್ಲಿ ಇಂತಹ ಸಾಲ ಬೇಡದ ಮಾಪಕವೊಂದನ್ನು ಲೋಕಕ್ಕೆ ತಿಳಿಸಿದರು. ಅತಿಸೂಕ್ಷ್ಮವಾದ ಲೋಹದ ತುಣುಕುಗಳದೊಂದು ಸರಪಣಿ. ತುಣುಕು ತುಣುಕಿನ ನಡುವೆ ವಿದ್ಯುತ್ತನ್ನು ತಡೆಯುವ ತೆಳು ಪೊರೆ. ಇಲೆಕ್ಟ್ರಾನು ಈ ಗೋಡೆಯನ್ನು ಹತ್ತಿ ದಾಟದೆ, ಸುರಂಗದಲ್ಲಿ ನುಸುಳಿದಂತೆ ಅತ್ತ ಸೇರುವುದು. ಆದರೆ ಅಷ್ಟು ಸಣ್ಣ ತುಣುಕನ್ನು ಹೊಗುವುದಕ್ಕೆ ಒಂದೇ ಇಲೆಕ್ಟ್ರಾನಾದರೂ ಕೊಂಚ ಶಕ್ತಿಯನ್ನು ಸುಂಕವಾಗಿ ತೆರಬೇಕು. ಆದುದರಿಂದ ವಿದ್ಯುತ್ತಿನ ಒತ್ತಡವು ಅಲ್ಪವಾಗಿರುವಾಗ ಪ್ರವಾಹವು ಸರಾಗವಾಗಿ ಸಾಗದು. ಒತ್ತಡವನ್ನು ಎರಡು ದಿಕ್ಕಿಗೂ ಏರಿಸಿ, ಪ್ರವಾಹದ ಸರಾಗತೆಯ ನಕ್ಷೆ ಬರೆದರೆ, ನಡುವೆ ಒಂದು ತಗ್ಗು ಕಾಣುವುದು. ಉಷ್ಣವು ಹೆಚ್ಚಿದಂತೆ ಆ ತಗ್ಗು ಅಗಲವಾಗುವುದು. ಶೀತವು ಹೆಚ್ಚಿದಂತೆ ಇಕ್ಕಟ್ಟಾಗುವುದು. ಇಲೆಕ್ಟ್ರಾನಿನ ವಿದ್ಯುದಂಶ, ಬೋಲ್ಟ್ಸ್‌ಮನ್ನನ ಸ್ಥಿರಾಂಕ, ಪೊರೆಗಳ ಸಂಖ್ಯೆ, ಇವಿಷ್ಟನ್ನು ಬಲ್ಲವರು ಆ ಅಗಲದಿಂದಲೇ ಉಷ್ಣತೆಯನ್ನು ಲೆಕ್ಕಹಾಕಬಹುದು. ಮತ್ತೊಂದು ಮಾಪಕದ ಸಾಕ್ಷ್ಯವು ಬೇಕಿಲ್ಲ.

ಇದನ್ನು ನಮ್ಮ ಹುಡುಗಿಯರಿಗೇಕೆ ಹೇಳಬೇಕು? ಪ್ರಯೋಗಶಾಲೆಯಲ್ಲಿ ಒಬ್ಬಳು ಓದಿದ ಅಂಕಿಯನ್ನು ಹತ್ತು ಮಂದಿ ತಮ್ಮ ಪುಸ್ತಕಕ್ಕೆ ಇಳಿಸಿಕೊಳ್ಳುವುದು ರೂಢಿಯಾಗಿಬಿಟ್ಟಿದೆ. ಬೆಂಗಳೂರಿನ ಅದೇ ಸಂಸ್ಥೆಯಲ್ಲಿ 1940ರಲ್ಲಿ ಸಿ. ವಿ. ರಾಮನ್ನರ ಬಳಿ ಸಂಶೋಧನೆಗೆ ತೊಡಗಿದ ಅನ್ನಾ ಮಣಿಯವರನ್ನು ನೆನೆಯಿರಿ. ಎಂ.ಎಸ್ಸಿ. ಆಗಿಲ್ಲವೆಂಬ ಕಾರಣಕ್ಕೆ ಅವರಿಗೆ ಡಾಕ್ಟರ್ ಪದವಿಯು ದೊರೆಯದೆ ಹೋಯಿತು. ಆದರೂ ಕುಗ್ಗದೆ, 1948ರಲ್ಲಿ ಪುಣೆಯಲ್ಲಿ ಹವಾಮಾನ ಇಲಾಖೆಯನ್ನು ಸೇರಿ, ಮಾಪಕಗಳನ್ನು ನಮ್ಮ ದೇಶದಲ್ಲಿಯೇ ತಯಾರಿಸಿ, ಪರೀಕ್ಷಿಸಿ, ಒಂದೇ ಪ್ರಮಾಣಕ್ಕೆ ತರುವ ಕಾರ್ಯದಲ್ಲಿ ಬಾಳನ್ನು ಸವೆಸಿದರು.

ಅಂತಹ ಸೂಕ್ಷ್ಮ ಮಾಪಕವು ನಮ್ಮ ಶಾಲೆಗಳಿಗೆಲ್ಲಿ ಬರುವುದೆನ್ನುವಿರೋ? ಬರಬೇಕಾಗಿಲ್ಲ. ಕರಗುವ ಮಂಜುಗಡ್ಡೆಯೂ ಕುದಿಯುವ ನೀರಿನ ಹಬೆಯೂ ನಮಗೆ ಸಿಕ್ಕುವುವಷ್ಟೆ. ಪ್ರತಿಯೊಬ್ಬ ವಿದ್ಯಾರ್ಥಿನಿಯೂ ತನ್ನ ಉಷ್ಣಮಾಪಕವನ್ನು ಅವೆರಡರಲ್ಲಿ ತಾನೇ ಪರೀಕ್ಷಿಸಿದ ಮೇಲೆಯೇ ಪ್ರಯೋಗಕ್ಕೆ ಕೈಹಾಕತಕ್ಕದ್ದು. ತನ್ನ ಅಳತೆಗೆ ತಾನೇ ಹೊಣೆಯಾಗುವ ಅಭ್ಯಾಸವು ಅಲ್ಲಿಂದಲೇ ಮೊದಲಾಗುವುದು.