ಜಾಲದ ಗಂಟೋ, ಜೀವಂತ ಮನುಷ್ಯನೋ?



ಬುದ್ಧಿ ಎಂದರೇನು? ಈ ಪ್ರಶ್ನೆಗೆ ಗಣಕವಿಜ್ಞಾನಿಗಳಲ್ಲಿ ಕೆಲವರು ಒಂದು ಸರಳ ಉತ್ತರ ಕೊಟ್ಟರು. ಪರಿಕಲ್ಪನೆಗಳು ಗಂಟುಗಳು, ಅವುಗಳ ನಡುವಣ ಸಂಬಂಧಗಳು ದಾರಗಳು. ಇವನ್ನು ಸಾಕಷ್ಟು ವಿಸ್ತಾರವಾಗಿ ಹೆಣೆದರೆ ಬುದ್ಧಿ ಸಿದ್ಧವಾಗುತ್ತದೆ ಎಂದರು. ಈ ಉತ್ತರವನ್ನು ನಾನು ಒಪ್ಪಲಾರೆ. ನೀವೂ ಒಪ್ಪಬಾರದೆಂಬುದು ನನ್ನ ವಾದ.

ಅಮೆರಿಕದ ರಾಸ್ ಕ್ವಿಲಿಯನ್ 1960ರ ದಶಕದಲ್ಲಿ ಇಂಥ ಜಾಲವನ್ನು ರೂಪಿಸಿದರು. ಅವರು ಅಲನ್ ಕಾಲಿನ್ಸ್ ಅವರೊಡನೆ 1969ರಲ್ಲಿ ಪ್ರಕಟಿಸಿದ ಅಧ್ಯಯನದ ಉದಾಹರಣೆ ಪ್ರಸಿದ್ಧವಾದುದು. ಕ್ಯಾನರಿ ಒಂದು ಹಕ್ಕಿ, ಹಕ್ಕಿ ಒಂದು ಪ್ರಾಣಿ. ಕ್ಯಾನರಿಗೆ ಚರ್ಮವಿದೆಯೇ ಎಂದು ಕೇಳಿದರೆ, ಜಾಲದಲ್ಲಿ ಕ್ಯಾನರಿಯಿಂದ ಹಕ್ಕಿಗೆ, ಹಕ್ಕಿಯಿಂದ ಪ್ರಾಣಿಗೆ ಏರಿ ಉತ್ತರವನ್ನು ತರಬೇಕು. ವರ್ಗದ ಗುಣಗಳು ಪಿತ್ರಾರ್ಜಿತದಂತೆ ವ್ಯಕ್ತಿಗೆ ಇಳಿದು ಬರುತ್ತವೆ. ಉಷ್ಟ್ರಪಕ್ಷಿ ಹಾರಲಾರದು ಎಂಬಂಥ ಅಪವಾದಗಳನ್ನು ಮಾತ್ರ ಬೇರೆಯಾಗಿ ಬರೆದಿಟ್ಟರೆ ಸಾಕು.

ಯುಕ್ತಿ ಜಾಣತನದ್ದೇ ಸರಿ. ಇದನ್ನೇ ನೆಚ್ಚಿ, ಡಗ್ಲಸ್ ಲೆನಾಟ್ 1984ರಲ್ಲಿ ಟೆಕ್ಸಾಸಿನಲ್ಲಿ 'ಸೈಕ್' ಎಂಬ ಯೋಜನೆಯನ್ನು ಆರಂಭಿಸಿದರು. ಮನುಷ್ಯನ ಸಾಮಾನ್ಯ ಜ್ಞಾನವನ್ನೆಲ್ಲ ಒಂದೊಂದು ವಾಕ್ಯವಾಗಿ ಗಣಕಕ್ಕೆ ಉಣಿಸುವ ಸಾಹಸವದು. 2023ರಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ ಕೋಟಿಗೂ ಮಿಕ್ಕ ವಾಕ್ಯಗಳು ಸೇರಿದ್ದವು. ಆದರೂ ಮನೆಯಂಗಳದ ಮಗುವಿಗಿರುವ ಲೋಕಜ್ಞಾನ ಆ ಜಾಲಕ್ಕೆ ದಕ್ಕಲಿಲ್ಲ.

ಏಕೆ? ಸಕ್ಕರೆ ಎಂದು ಬರೆದ ಕಾಗದವನ್ನು ನೆಕ್ಕಿದರೆ ಬಾಯಿ ಸಿಹಿಯಾದೀತೇ? ಡ್ರೂ ಮೆಕ್‌ಡರ್ಮಟ್ ಎಂಬ ಗಣಕವಿಜ್ಞಾನಿಯೇ 1976ರಲ್ಲಿ ತಮ್ಮ ಸಹೋದ್ಯೋಗಿಗಳನ್ನು ಎಚ್ಚರಿಸಿದ್ದರು: ಕಾರ್ಯಕ್ರಮದ ಒಂದು ಭಾಗಕ್ಕೆ 'ಅರಿವು' ಎಂದು ಹೆಸರಿಟ್ಟ ಮಾತ್ರಕ್ಕೆ ಅಲ್ಲಿ ಅರಿವು ನೆಲೆಸುವುದಿಲ್ಲ, ಆ ಹೆಸರನ್ನು ತೆಗೆದು ಅರ್ಥವಿಲ್ಲದ ಸಂಕೇತವನ್ನಿಟ್ಟು ನೋಡಿದರೆ ನಿಜ ಬಯಲಾಗುತ್ತದೆ. 'ನೋವು' ಎಂಬ ಗಂಟಿಗೆ ಎಷ್ಟೇ ದಾರಗಳನ್ನು ಬಿಗಿದರೂ ಅದು ನೋಯುವುದಿಲ್ಲ.

ಇಂದಿನ ಯಂತ್ರಗಳು ಬೇರೆ ಬಗೆಯವು, ಅವು ಅಪಾರ ಪಠ್ಯದಿಂದ ತಾವೇ ಸಂಬಂಧಗಳನ್ನು ಕಲಿಯುತ್ತವೆ ಎಂದು ನೀವು ಆಕ್ಷೇಪಿಸಬಹುದು. ನಿಜ, ಅವುಗಳ ಸಾಮರ್ಥ್ಯ ಬೆರಗುಗೊಳಿಸುತ್ತದೆ. ಅವುಗಳ ಉಪಯೋಗವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಮಾತುಗಳ ನಡುವಣ ಸಂಬಂಧವನ್ನು ಬಲ್ಲುದು ಒಂದು, ಮಾತು ಸೂಚಿಸುವ ಬಾಳನ್ನು ಬಾಳುವುದು ಇನ್ನೊಂದು. 2025ರ ಜನವರಿಯಲ್ಲಿ ವ್ಯಾಟಿಕನ್ ಪ್ರಕಟಿಸಿದ 'ಅಂತಿಕ್ವಾ ಎತ್ ನೋವಾ' ಎಂಬ ಟಿಪ್ಪಣಿಯೂ ಇದನ್ನೇ ಒತ್ತಿ ಹೇಳುತ್ತದೆ: ಮಾನವ ಬುದ್ಧಿ ಕೇವಲ ಕೆಲಸ ಪೂರೈಸುವ ಶಕ್ತಿಯಲ್ಲ, ಅದು ದೇಹವುಳ್ಳ, ಪರರೊಡನೆ ಬಾಳುವ ಇಡೀ ವ್ಯಕ್ತಿಗೆ ಸೇರಿದ್ದು.

ಆದರೆ ಯಂತ್ರವನ್ನು ದೂರಿ ಸುಮ್ಮನಾಗುವುದು ಸುಲಭ. ವಾಚಕರೇ, ಈಗ ನಮ್ಮೆದೆಯನ್ನೇ ಮುಟ್ಟಿ ನೋಡಿಕೊಳ್ಳೋಣ. ವರ್ಗದ ಗುಣವನ್ನು ವ್ಯಕ್ತಿಯ ತಲೆಗೆ ಕಟ್ಟುವ ಯುಕ್ತಿಯನ್ನು ನಾವು ಗಣಕದಿಂದ ಕಲಿತೆವೇ? ಇವನು ಇಂಥ ಕೇರಿಯವನು, ಇಂಥ ಜಾತಿಯವನು. ಆದುದರಿಂದ ಇಂಥವನೇ ಎಂದು ಎಷ್ಟು ಬಾರಿ ಮನದಲ್ಲೇ ತೀರ್ಪು ಕೊಟ್ಟಿಲ್ಲ? ಒಳ್ಳೆಯವನೊಬ್ಬ ಕಂಡರೆ ಅವನನ್ನು ಉಷ್ಟ್ರಪಕ್ಷಿಯಂತೆ ಅಪವಾದವೆಂದು ಬರೆದುಕೊಂಡು, ವರ್ಗದ ಮೇಲಿನ ತೀರ್ಪನ್ನು ಹಾಗೆಯೇ ಉಳಿಸಿಕೊಳ್ಳುತ್ತೇವೆ.

ಸಂತ ಯೊವಾನ್ನರ ಶುಭಸಂದೇಶದ ನತಾನಿಯೇಲನನ್ನು ನೆನೆಯಿರಿ. ಯೇಸು ನಜರೇತಿನವರೆಂದು ಕೇಳಿದೊಡನೆ, ಆ ಊರಿನಿಂದ ಒಳ್ಳೆಯದೇನು ಬಂದೀತೆಂದು ಅವನು ಸಂದೇಹಿಸಿದ. ಜಾಲದ ತರ್ಕದ ಪ್ರಕಾರ ಅವನು ತಪ್ಪಿರಲಿಲ್ಲ: ನಜರೇತ್ ಕೀಳು, ಇವರು ನಜರೇತಿನವರು. ಫಿಲಿಪ್ಪ ವಾದಕ್ಕೆ ಇಳಿಯಲಿಲ್ಲ, ಅಪವಾದವನ್ನೂ ಸೇರಿಸಲಿಲ್ಲ; ಬಂದು ನೋಡೆಂದು ಕರೆದ. ನತಾನಿಯೇಲನ ಹಿರಿಮೆ ಇರುವುದು, ಸಂದೇಹವನ್ನು ಹೊತ್ತುಕೊಂಡೇ ಎದ್ದು ಹೋದುದರಲ್ಲಿ. ಹೋದಾಗ ಅವನಿಗೆ ಸಿಕ್ಕಿದ್ದು ಒಂದು ಊರಿನ ಮಾದರಿಯಲ್ಲ, ತನ್ನನ್ನು ಮೊದಲೇ ಬಲ್ಲ ಪ್ರಭು.

ಸಾಲ ಯಾರಿಗೆ, ಉದ್ಯೋಗ ಯಾರಿಗೆ ಎಂಬ ನಿರ್ಣಯಗಳಿಗೂ ಇಂದು ಯಂತ್ರದ ನೆರವನ್ನು ಬಯಸಲಾಗುತ್ತಿದೆ. ಹೆಣೆಯುವ ಕೆಲಸವನ್ನು ಯಂತ್ರ ಮಾಡಲಿ. ಎದ್ದು ಹೋಗಿ ನೋಡುವ ಕೆಲಸ ನಮ್ಮದು. ಅದನ್ನೂ ಯಂತ್ರಕ್ಕೆ ಒಪ್ಪಿಸಿದರೆ, ಯಂತ್ರ ಮನುಷ್ಯನಾಗುವುದಿಲ್ಲ. ನೆರೆಯವನು ಗಂಟಾಗುತ್ತಾನೆ, ನಾವು ಯಂತ್ರವಾಗುತ್ತೇವೆ.