ನಲವತ್ತು ದಿನ, ಆರು ಭೇಟಿ

ಸೆಪ್ಟೆಂಬರ್ 13 ವಿಶ್ವ ಸೆಪ್ಸಿಸ್ ದಿನ. ಮೈಗೆ ತಗುಲಿದ ಸೋಂಕಿನ ವಿರುದ್ಧ ದೇಹ ನಡೆಸುವ ಹೋರಾಟವೇ ಹದ ತಪ್ಪಿ ಅಂಗಾಂಗಗಳನ್ನು ಕೆಡಿಸತೊಡಗಿದರೆ ಅದು ಸೆಪ್ಸಿಸ್. ನಮ್ಮ ಕಡೆ ಹಿರಿಯರು 'ನಂಜು ಏರಿತು' ಅನ್ನುತ್ತಾರೆ. 2017ರಲ್ಲಿ ಜಗತ್ತಿನಾದ್ಯಂತ ಸುಮಾರು 1.1 ಕೋಟಿ ಜನ ಇದರಿಂದ ಸತ್ತರೆಂದು ಅಂದಾಜು. ಹಸುಗೂಸುಗಳಿಗೂ ಬಾಣಂತಿಯರಿಗೂ ಇದರ ಅಪಾಯ ಹೆಚ್ಚು.

ಸರ್ಕಾರ ಏನೂ ಮಾಡಿಲ್ಲ ಎನ್ನುವಂತಿಲ್ಲ. 2011ರಲ್ಲಿ ಬಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಸರ್ಕಾರಿ ಆಸ್ಪತ್ರೆಯ ಹೆರಿಗೆ ಉಚಿತ, ಕಾಯಿಲೆಬಿದ್ದ ಕೂಸಿನ ಚಿಕಿತ್ಸೆಯೂ ಉಚಿತ. ಅದೇ ವರ್ಷ ಇನ್ನೊಂದು ಯೋಜನೆ ಶುರುವಾಯಿತು. ಆಸ್ಪತ್ರೆಯಲ್ಲಿ ಹೆರಿಗೆಯಾದ ಮೇಲೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಮನೆಗೆ ಬಂದು ತಾಯಿ-ಮಗುವನ್ನು ನೋಡಬೇಕು.

ಈ ದಿನಗಳನ್ನು ನಮ್ಮ ಮನೆಗಳ ಲೆಕ್ಕದ ಪಕ್ಕ ಇಟ್ಟು ನೋಡಿ. ನಮ್ಮಲ್ಲಿ ಬಾಣಂತಿಗೆ ನಲವತ್ತು ದಿನದ ಚಿಲ್ಲಾ. ಅಕೀಕಾ ಏಳನೇ ದಿನ, ತಪ್ಪಿದರೆ ಹದಿನಾಲ್ಕು ಅಥವಾ ಇಪ್ಪತ್ತೊಂದನೇ ದಿನ. ನಾವು ಮಗುವನ್ನು ಜೋಪಾನ ಮಾಡುವ ದಿನಗಳೂ ಸರ್ಕಾರ ಲೆಕ್ಕ ಹಾಕಿದ ದಿನಗಳೂ ಹೆಚ್ಚುಕಡಿಮೆ ಒಂದೇ. ಆದರೂ ಎಷ್ಟೋ ಮನೆಗಳಲ್ಲಿ 'ಚಿಲ್ಲಾ ಮುಗಿಯಲಿ, ಆಮೇಲೆ ಬನ್ನಿ' ಎಂದು ಆಶಾ ಅಕ್ಕನನ್ನು ಬಾಗಿಲಿನಿಂದಲೇ ಕಳಿಸುತ್ತಾರೆ.

ಹೊರಗಿನವರನ್ನು ದೂರ ಇಡುವುದರಲ್ಲಿ ಜಾಣತನವಿದೆ, ಸೋಂಕು ಕಡಿಮೆಯಾಗುತ್ತದೆ. ಆದರೆ ಆಶಾ ಬರುವುದು ಆ ಸೋಂಕನ್ನು ಹುಡುಕಲಿಕ್ಕೇ. ಅವಳೂ ಹೆಣ್ಣುಮಗಳು, ಪರದೆಗೂ ಅಡ್ಡಿಯಿಲ್ಲ. ಮಗು ಹಾಲು ಬಿಟ್ಟಿದೆಯೇ, ಮಂಕಾಗಿದೆಯೇ, ಮೈ ಸುಡುತ್ತಿದೆಯೇ ಅಥವಾ ತಣ್ಣಗಾಗಿದೆಯೇ, ಉಸಿರು ನಿಮಿಷಕ್ಕೆ 60 ಅಥವಾ ಅದಕ್ಕಿಂತ ಹೆಚ್ಚಿದೆಯೇ, ಹೊಕ್ಕುಳಲ್ಲಿ ಕೀವಿದೆಯೇ, ತಾಯಿಗೆ ಜ್ವರವೋ ದುರ್ವಾಸನೆಯ ಸ್ರಾವವೋ ಇದೆಯೇ ಎಂದು ನೋಡುತ್ತಾಳೆ. ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯಬಾರದು. 108ಕ್ಕೆ ಕರೆ ಮಾಡಬೇಕು, ಕಿಮ್ಸ್‌ನಂಥ ದೊಡ್ಡಾಸ್ಪತ್ರೆಗೆ ಹೋಗಬೇಕು. ಸೆಪ್ಸಿಸ್‌ನಲ್ಲಿ ಗಂಟೆಗಳೇ ಜೀವ.

ಸರ್ಕಾರವೂ ಎರಡು ಕೆಲಸ ಮಾಡಬೇಕು. ಒಂದು, ಹಳೇ ಹುಬ್ಬಳ್ಳಿಯಂಥ ಕಡೆ ಈ ಲಕ್ಷಣಗಳ ಪಟ್ಟಿ ಉರ್ದುವಿನಲ್ಲೂ ಮನೆಮನೆಗೆ ಸಿಗಬೇಕು. ರಾತ್ರಿ ಕೂಸಿನ ಪಕ್ಕ ಕೂತಿರುವವಳು ಅಜ್ಜಿ, ಅವಳು ಕನ್ನಡ ಓದುವುದಿಲ್ಲ. ಎರಡು, ಯೋಜನೆಯ ಮಾರ್ಗಸೂಚಿಯಲ್ಲಿ ಆರು ಭೇಟಿಗೆ ಸೇರಿ ಆಶಾಗೆ ಇಟ್ಟ ಪ್ರೋತ್ಸಾಹಧನ 250 ರೂಪಾಯಿ. ವಾಣಿಜ್ಯ ವಿಭಾಗದವರಿಗೆ ಭಾಗಾಕಾರ ಕಷ್ಟವಲ್ಲ, ಒಂದು ಭೇಟಿಗೆ 42 ರೂಪಾಯಿಯೂ ಬೀಳುವುದಿಲ್ಲ. ಒಂದು ಜೀವ ಕಾಯುವ ಕೆಲಸಕ್ಕೆ ಇದು ಕೂಲಿಯೇ?

ಸ್ನೇಹಿತರೇ, ನಾವು ಮನೆಯಲ್ಲಿ ಉರ್ದು, ಕಾಲೇಜಿನಲ್ಲಿ ಕನ್ನಡ ಬಲ್ಲವರು. ತಾಯಿ ಕಾರ್ಡ್ ಓದಿ ಅಮ್ಮೀಗೆ, ನಾನೀಗೆ ತಿಳಿಸಿ ಹೇಳಲು ನಮಗಿಂತ ತಕ್ಕವರು ಯಾರು? ಓಣಿಯಲ್ಲಿ ಕೂಸು ಹುಟ್ಟಿದರೆ ಅಕೀಕಾದ ದಿನ ಕೇಳುವಾಗ ಇನ್ನೊಂದು ಮಾತು ಸೇರಿಸಿ: ಆಶಾ ಬಂದಿದ್ದಳೇ, ಒಳಗೆ ಕರೆದಿರಾ?